ಸೊಟ್ಟ ರೊಟ್ಟಿಯ ಚಿಕಿತ್ಸೆ

ತಪ್ಪು ಹುಡುಕುವವನಿಗೆ ಸ್ವಂತ ಮನೆಯಷ್ಟು ಸಮೃದ್ಧವಾದ ಜಾಗ ಇನ್ನೊಂದಿಲ್ಲ. ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಹಗಲೆಲ್ಲ ಹುಡುಗರ ವೃತ್ತ ತಿದ್ದಿ, ಸಂಜೆ ಉಣಕಲ್ಲಿನ ಮನೆಗೆ ಬಂದು ಕಿಟಕಿಯ ಪರದೆ, ಚಪ್ಪಲಿಯ ಸಾಲು, ಹಾಸಿಗೆಯ ಸುಕ್ಕು ತಿದ್ದುತ್ತಿದ್ದೆ. ಇದಕ್ಕೆ ನಾನು ಶಿಸ್ತು ಎನ್ನುತ್ತಿದ್ದೆ. ಹೆಂಡತಿ ಸರೋಜಾ ಇಟ್ಟಿದ್ದ ಹೆಸರು ಅಚ್ಚು ಹಾಕಿಸುವಂಥದಲ್ಲ. ತೊಂಬತ್ತರ ದಶಕದ ಒಂದು ಭಾನುವಾರ ಅವಳು ಬಡಿದ ಜೋಳದ ರೊಟ್ಟಿಯ ಮೇಲೆ ತಾಟು ಬೋರಲಿಟ್ಟು, ಹೊರಗುಳಿದ ಅಂಚನ್ನು ಬೆರಳು ಮಾಡಿ ತೋರಿಸಿದೆ. ಅವಳು ಹಂಚು ಇಳಿಸಿದಳು, ಸೀರೆ ಬದಲಿಸಿದಳು, ಹೆಬ್ಬಳ್ಳಿಯ ಅಣ್ಣನ ಮನೆಗೆ ಹೊರಟುಹೋದಳು.

ನಾಲ್ಕನೇ ದಿನ ಬೂತಿನಿಂದ ಫೋನು ಹಚ್ಚಿದೆ. "ವಿದ್ಯಾನಗರದಾಗ ತಲಿ ಡಾಕ್ಟರ್ ಅದಾರಂತ, ಅವರ ಕಡೆ ಹೋಗ್ರಿ. ನೀವು ಆರಾಮಾದ ಮ್ಯಾಲೆ ನಾ ಬರ್ತೇನಿ" ಎಂದು ಇಟ್ಟೇಬಿಟ್ಟಳು. ಆಗೆಲ್ಲ ಅಂಥ ದವಾಖಾನೆಗೆ ಹೋದವನೆಂದರೆ ಹುಚ್ಚನೇ. ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೋದೆ; ದಾರಿಯಲ್ಲಿ ಸಿಕ್ಕ ಹೆಡ್‌ಮಾಸ್ತರರಿಗೆ ಹಲ್ಲುನೋವೆಂದೆ. ಅಲ್ಲಿ ಹೆಸರು, ವಯಸ್ಸು ಬರೆಯುವ ಫಾರ್ಮನ್ನು ಮೂರು ಸಲ ಕೇಳಿ ಪಡೆದೆ, ಮೊದಲೆರಡರಲ್ಲಿ ಅಕ್ಷರ ಗೆರೆಯ ಮೇಲೆ ಕೂತಿರಲಿಲ್ಲ. ನೋಡುತ್ತಿದ್ದ ಡಾಕ್ಟರಮ್ಮ, "ಮಾಸ್ತರ, ನೀವೇನೂ ಹೇಳಬ್ಯಾಡ್ರಿ, ತಿಳೀತು" ಎಂದರು. ರೊಟ್ಟಿಯ ಕಥೆ ಕೇಳಿದ ಮೇಲೆ ನನಗೆ ಮನೆಗೆಲಸ ಕೊಟ್ಟರು: "ದಿನಾ ಒಂದು ಸೊಟ್ಟ ರೊಟ್ಟಿ ನೀವ ಬಡೀರಿ. ತಿದ್ದಬ್ಯಾಡ್ರಿ. ಸುಮ್ನ ತಿನ್ರಿ."

ಅದೇನು ಮಹಾ ಎಂದುಕೊಂಡೆ. ಮೊದಲ ವಾರ ಸೊಟ್ಟ ಹಾಳಾಗಲಿ, ರೊಟ್ಟಿಯೇ ಆಗಲಿಲ್ಲ. ಹಿಟ್ಟು ಹರಿದು ಅರ್ಧ ಹಂಚಿನ ಮೇಲೆ, ಅರ್ಧ ನನ್ನ ಮೊಣಕೈಗೆ. ಎರಡನೇ ವಾರ ಸೊಟ್ಟ ರೊಟ್ಟಿಯ ನಕ್ಷೆಯನ್ನು ಕಾಗದದ ಮೇಲೆ ಬರೆದುಕೊಂಡು ಬಡಿದೆ; ನಕ್ಷೆಗೆ ಹೊಂದದ್ದನ್ನು ಮತ್ತೆ ನಾದಿದೆ. ಹೆಮ್ಮೆಯಿಂದ ಹೇಳಿದರೆ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ಮನೆ ಬಿಕೋ ಎನ್ನುತ್ತಿತ್ತು. ಚಪ್ಪಲಿಗಳು ನಾನು ಬಯಸಿದಷ್ಟೇ ನೆಟ್ಟಗಿದ್ದವು, ಒಂದೇ ಜೋಡಿ. ನೋಡಿ ಅಳು ಬಂತು, ಮುಚ್ಚಿಡುವುದೇನು? ಆರಾಮಾಗೇನಿ, ಬಾ ಎಂದು ಫೋನಿನಲ್ಲಿ ಹಸಿ ಸುಳ್ಳು ಹೇಳಿದೆ.

ಬಂದಳು. ಚೀಲ ಬಾಗಿಲಲ್ಲೇ ಇಟ್ಟು, ಹಂಚಿನ ಮುಂದೆ ಹಿಟ್ಟು ಮೆತ್ತಿಕೊಂಡು ಕೂತಿದ್ದ ನನ್ನ ಅವತಾರ ನೋಡಿ, "ಸರೀರಿ ಅತ್ಲಾಗ" ಎಂದು ತಾನೇ ಬಡಿಯಲು ಕೂತಳು. ಬೇಕೆಂದೇ ಇರಬೇಕು, ರೊಟ್ಟಿ ಒಂದು ಕಡೆ ಎಳೆದುಕೊಂಡು ಹೋಯಿತು. ಹುಟ್ಟುಗುಣ ಸುಟ್ಟರೂ ಹೋಗದು. "ಹಂಗಲ್ಲ ಸರೋಜಾ, ಸೊಟ್ಟ ಈ ಕಡೆ ಬರಬೇಕು" ಎಂದುಬಿಟ್ಟೆ!

ಕೆಟ್ಟೆ ಎಂದುಕೊಂಡು ಚೀಲದ ಕಡೆ ನೋಡಿದೆ. ಅವಳು ಏಳಲಿಲ್ಲ. "ನೀವು ಆರಾಮಾಗಿಲ್ಲಂತ ಫೋನಿನ್ಯಾಗ ಗೊತ್ತಾತು" ಎಂದಳು. "ಆದ್ರೂ ಬಂದೇನಿ. ಇಪ್ಪತ್ತು ವರ್ಷ ನಿಮ್ಮನ್ನ ತಿದ್ದಲಾರದ ಇಟ್ಕೊಂಡೇನಲ್ಲ, ನನಗ ಯಾವ ಡಾಕ್ಟರ್ ಹೇಳಿಕೊಟ್ಟಿದ್ರು?" ಎನ್ನುತ್ತ ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಒಗೆದಳು.

ನಮ್ಮ ಮದುವೆಯಾಗಿ ಇಪ್ಪತ್ತೊಂದು ವರ್ಷವಾಗಿತ್ತು. ಮಾತು ನಾಲಿಗೆಯ ತುದಿಗೇ ಬಂದಿತ್ತು. ರೊಟ್ಟಿ ಮುರಿದು ಬಾಯಿತುಂಬ ತುರುಕಿಕೊಂಡೆ.