ನೆಳ್ಳೂರಿಗೆ ಹೋಗುವ ಪ್ರಯಾಣಿಕರ ಗಮನಕ್ಕೆ

ಕತೆ ಬರೆಯುವವರಿಗೆ ಪೇಚಿನ ಪ್ರಸಂಗಗಳು ಬರುವುದು ಸಹಜ. ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆಯಲ್ಲಿ ಕೂತು ಕತೆ ಬರೆಯುವವನಿಗೆ ಅವು ಸರಿಯಾದ ವೇಳೆಗೆ ಬರುತ್ತವೆ, ಒಂದರ ಹಿಂದೆ ಒಂದು.

ದಾಂಡೇಲಿಯಲ್ಲಿ ಬಹಳ ವರ್ಷಗಳಿಂದ ಈ ಕೆಲಸ ನನ್ನದು. ಹಳಿಯಾಳ, ಜೋಯಿಡಾ, ಮುಂಡಗೋಡ ಎಂದು ಮೈಕಿನಲ್ಲಿ ಕೂಗುವುದು ನಾನೇ. ಊರಿನ ಜನಕ್ಕೆ ನನ್ನ ದನಿ ಗೊತ್ತು, ಮುಖ ಗೊತ್ತಿಲ್ಲ. ಸಂತೆಯಲ್ಲಿ ನಾನು ಬಾಯಿಬಿಟ್ಟು ‘ಅರ್ಧ ಕಿಲೋ ಬದನಿಕಾಯಿ’ ಅಂದರೆ ಪಕ್ಕದಲ್ಲಿದ್ದವರು ಗಾಬರಿಯಾಗಿ ಚೀಲ ಎತ್ತಿಕೊಳ್ಳುತ್ತಾರೆ.

ಒಬ್ಬನೇ ಇದ್ದೇನೆ. ಮದುವೆಯಾಗಲಿಲ್ಲ. ದೊಡ್ಡ ಕಾರಣವೇನಿಲ್ಲ, ಮಾತಾಡಬೇಕಾದ ಹೊತ್ತಿನಲ್ಲಿ ಮಾತಾಡಲಿಲ್ಲ. ಡ್ಯೂಟಿ ಮುಗಿದ ಮೇಲೆ ಮನೆಗೆ ಹೋಗಿ ಓದುತ್ತೇನೆ, ಬರೆಯುತ್ತೇನೆ. ಆಸೆ ಇದ್ದದ್ದು ಒಂದೇ. ನನ್ನ ಗುರುತಿಲ್ಲದ ಯಾರಾದರೂ ನನ್ನ ಒಂದು ಕತೆಯನ್ನು ಕೊನೆಯವರೆಗೆ ಓದಬೇಕು. ಒಬ್ಬರೇ ಸಾಕು.

೧. ಅದ್ಭುತ

ನಾನು ಬರೆಯುವ ಬಗೆಯ ಕತೆಗಳಿಗೆ ಅದ್ಭುತ ಕತೆಗಳು ಎಂದು ಹೆಸರು. ನದಿ ಹಿಂದಕ್ಕೆ ಹರಿಯುತ್ತದೆ, ಮರ ಊರು ಬಿಟ್ಟು ಹೋಗುತ್ತದೆ, ಇಂಥವು. ನಿಲ್ದಾಣದ ಕ್ಯಾಂಟೀನಿನ ಮಾಲಕರು ಒಂದು ದಿನ ಚಹಾ ತಂದಿಟ್ಟು ಕೇಳಿದರು.

“ಯಾವಾಗ ನೋಡಿದ್ರೂ ಏನೋ ಬರಕೋತ ಕುಂತಿರ್ತೀರಿ. ಏನ್ರಿ ಸರ ಅದು?”

“ಕತಿ.”

“ಎಂಥಾ ಕತಿ?”

“ಅದ್ಭುತ ಕತಿ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅದನ್ನ ನಾವು ಓದಿ ಹೇಳಬೇಕ್ರಿ ಸರ. ನಿಮ್ಮಷ್ಟಕ್ಕ ನೀವ ಹೇಳಿಕೊಂಡ್ರ ಹೆಂಗ?”

ಅದು ಹೊಗಳಿಕೆಯಲ್ಲ, ಕತೆಗಳಲ್ಲಿ ಅದೊಂದು ಜಾತಿ ಎಂದು ವಿವರಿಸಲು ಹೋದೆ.

“ಕತಿ ಒಳಗೂ ಜಾತಿ ಬಂತೇನ್ರಿ?” ಎಂದು ಅವರು ಖಾಲಿ ಕಪ್ಪು ಎತ್ತಿಕೊಂಡು ಹೋದರು.

ಮರುದಿನದಿಂದ ಡ್ರೈವರುಗಳೆಲ್ಲ ಕಿಟಕಿಗೆ ಬಂದು “ಏನ್ ಅದ್ಭುತ ಸರ, ಜೋಯಿಡಾ ಗಾಡಿ ಬಿಡ್ಲಿ ಏನ್ರಿ?” ಎನ್ನತೊಡಗಿದರು. ಒಂದು ಸಾಲೂ ಓದಿಸದೆ ಇಷ್ಟು ಜನರ ಬಾಯಲ್ಲಿ ಅದ್ಭುತ ಎನಿಸಿಕೊಂಡ ಲೇಖಕ ಬೇರೆ ಯಾರೂ ಇರಲಿಕ್ಕಿಲ್ಲ.

೨. ನದಿ ಹಿಂದಕ್ಕೆ ಹರಿದ ಕಾರಣ

ಕಾಳಿ ನದಿ ಒಂದು ದಿನದ ಮಟ್ಟಿಗೆ ಹಿಂದಕ್ಕೆ ಹರಿಯುವ ಕತೆಯನ್ನು ಒಂದು ಮಾಸಪತ್ರಿಕೆಗೆ ಕಳಿಸಿದ್ದೆ. ಕಳಿಸಿದ್ದು ನನಗೇ ಮರೆತುಹೋಗುವ ಹೊತ್ತಿಗೆ ಸಂಪಾದಕರ ಫೋನ್ ಬಂತು.

“ಚೆನ್ನಾಗಿದೆ. ಆದರೆ ನದಿ ಯಾಕೆ ಹಿಂದಕ್ಕೆ ಹರಿಯಿತು?”

“ಏನೋ ಮರೆತು ಬಂದಿತ್ತು, ತರಲಿಕ್ಕೆ ಹೋಯಿತು.”

“ಓದುಗರಿಗೆ ಕಾರಣ ಬೇಕಾಗುತ್ತದೆ. ನಾನೇ ಒಂದು ಸಾಲು ಸೇರಿಸುತ್ತೇನೆ, ಆಗಬಹುದಲ್ಲ?”

ಆಗಬಹುದು ಎಂದೆ. ಕತೆ ಅಚ್ಚಾಗಿ ಬಂತು. ಕೊನೆಯ ಸಾಲು ಹೀಗಿತ್ತು: ‘ಅಷ್ಟರಲ್ಲಿ ಅವನಿಗೆ ಎಚ್ಚರವಾಯಿತು.’

ಆ ಕತೆಗೆ ಬಂದ ಪ್ರತಿಕ್ರಿಯೆ ಒಂದೇ ಒಂದು ಫೋನ್. ನದಿಯಲ್ಲಿ ಪ್ರವಾಸಿಗರಿಗೆ ರಬ್ಬರ್ ದೋಣಿ ಓಡಿಸುವವರೊಬ್ಬರದು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರಷ್ಟೇ ಅವರಿಗೆ ಧಂದೆ.

“ಸರ, ಕಾಳಿ ಹಿಂದಕ ಹರೀತೈತಿ ಅಂತ ಬರದೀರಂತಲ್ಲ. ಯಾವ ತಾರೀಖು? ನಮ್ಮ ಬುಕಿಂಗ್ ಅದಾವು.”

“ಓದಿದಿರೇನು?” ಆಸೆಯಿಂದ ಕೇಳಿದೆ.

“ನಾ ಇಲ್ರಿ, ನಮ್ಮ ಅಡಗಿಯವ ಓದ್ಯಾನ.”

“ಪೂರ್ತಿ ಓದಿದನೇನು?”

“ಅರ್ಧಾ ಓದಿ ನನಗ ಹೇಳಾಕ ಓಡಿಬಂದಾನ್ರಿ.”

ಕತೆಯ ಕೊನೆಗೆ ಅದು ಬರೀ ಕನಸು ಎಂದು ನಾನೇ ತಿಳಿಸಬೇಕಾಯಿತು. ಅವರಿಗೆ ಎಷ್ಟು ಸಮಾಧಾನವಾಯಿತೆಂದರೆ, ನನಗೆ ಮೊದಲ ಬಾರಿಗೆ ಸಂಪಾದಕರ ಮೇಲೆ ಗೌರವ ಬಂತು.

೩. ಎದ್ದು ನಿಂತ ಅಜ್ಜ

ಆಮೇಲೆ ‘ನೆಳ್ಳೂರಿನ ಬಸ್ಸು’ ಎಂಬ ಕತೆ ಶುರುಮಾಡಿದೆ. ನೆಳ್ಳು ಅಂದರೆ ನೆರಳು. ಹಳಿಯಾಳದ ಒಬ್ಬ ಹುಡುಗಿ ಬಸ್ಸಿಳಿಯುವಾಗ ಅವಳ ನೆರಳು ಸೀಟಿನಲ್ಲೇ ಉಳಿದುಬಿಡುತ್ತದೆ. ಹೀಗೆ ಬಸ್ಸುಗಳಲ್ಲಿ ಮರೆತುಹೋದ ನೆರಳುಗಳೆಲ್ಲ ಕೊನೆಗೆ ಸೇರುವ ಊರು ನೆಳ್ಳೂರು. ಹುಡುಗಿ ಅದನ್ನು ತರಲು ಹೊರಡುತ್ತಾಳೆ.

ಒಂದು ಮಧ್ಯಾಹ್ನ ಹುಡುಗಿಯನ್ನು ಬಸ್ಸು ಹತ್ತಿಸುವ ಜಾಗದಲ್ಲಿ ಕತೆ ನಿಂತಿತ್ತು. ಅದನ್ನೇ ಯೋಚಿಸುತ್ತ ಮೈಕ್ ಒತ್ತಿದೆ. “ಪ್ರಯಾಣಿಕರ ಗಮನಕ್ಕೆ. ನೆಳ್ಳೂರಿಗೆ ಹೋಗುವ ಬಸ್ಸು ಈಗ ಹೊರಡಲಿದೆ.”

ಕೂಗಿದ ಮೇಲೆ ಕಿವಿಗೆ ಬಿತ್ತು. ಕಿಟಕಿಯಿಂದ ನೋಡಿದೆ. ಯಾರೂ ಕದಲಿರಲಿಲ್ಲ. ಒಬ್ಬ ಅಜ್ಜ ಮಾತ್ರ ಕೊಡೆ ಹಿಡಿದುಕೊಂಡು ಎದ್ದು, ನೆಟ್ಟಗೆ ನನ್ನ ಕಡೆ ಬಂದ.

“ಎಷ್ಟನೇ ಪ್ಲಾಟ್‌ಫಾರ್ಮ್ ರಿ?”

“ಅಜ್ಜಾರ, ತಪ್ಪಿ ಕೂಗಿದೆ. ಅಂಥಾ ಊರ ಇಲ್ಲ. ನಿಮಗ ಎಲ್ಲಿಗೆ ಹೋಗಬೇಕಾಗಿತ್ತು?”

“ಎಲ್ಲಿಗೂ ಇಲ್ಲ. ಮನ್ಯಾಗ ಸೊಸಿ ಟಿವಿ ಜೋರ ಇಡ್ತಾಳ, ಅದಕ್ಕ ಇಲ್ಲಿ ಬಂದು ಕುಂದರ್ತೇನಿ.”

“ಮತ್ತ ಯಾಕ ಎದ್ದ್ರಿ?”

“ನೀವು ಕರದ್ರಿ, ಎದ್ದೆ.” ಅಜ್ಜ ತುಸು ಸಿಟ್ಟಿನಿಂದಲೇ ಅಂದ. “ದಿನಾ ಬರೇ ಹಳಿಯಾಳ, ಜೋಯಿಡಾ ಅಂತೀರಿ. ಒಂದ್ ಹೊಸಾ ಊರು ಬಂತು ಅಂತ ನಾ ಎದ್ದ್ರ, ಅದೂ ಇಲ್ಲ ಅಂತೀರಲ್ಲ!”

೪. ಶುಭದಲ್ಲಿ ಮುಗಿದ ಕತೆ

ಕತೆಗಳು ಒಂದು ಪುಸ್ತಕವಾಗುವಷ್ಟಾದವು. ಪ್ರಕಾಶಕರು ಯಾರೂ ಸಿಗಲಿಲ್ಲ. ಮುಂಡಗೋಡದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರೊಬ್ಬರು ಪುಸ್ತಕವನ್ನೂ ಮಾಡಿಕೊಡುತ್ತೇನೆಂದರು. ಹೋಗಿ ಕೊಟ್ಟುಬಂದೆ.

ಪುಸ್ತಕದ ಕಟ್ಟುಗಳು ಬಸ್ಸಿನಲ್ಲೇ ಬಂದವು. ಬಿಚ್ಚಿ ನೋಡಿದರೆ ಮೊದಲ ಪುಟದ ನೆತ್ತಿಯಲ್ಲಿ ‘ಶ್ರೀ ವೀರಭದ್ರೇಶ್ವರ ಪ್ರಸನ್ನ’ ಎಂದಿತ್ತು. ಇರಲಿ ಎಂದುಕೊಂಡೆ. ಕೊನೆಯ ಕತೆ ‘ನೆಳ್ಳೂರಿನ ಬಸ್ಸು’. ಹುಡುಗಿ ನೆಳ್ಳೂರಿನಲ್ಲಿ ಇಳಿಯುತ್ತಾಳೆ, ಪುಟ ಮುಗಿಯುತ್ತದೆ. ತಿರುಗಿಸಿದರೆ ನನ್ನ ಕೊನೆಯ ಪುಟ ಇರಲಿಲ್ಲ. ಆ ಜಾಗದಲ್ಲಿ ಯಾರದೋ ಲಗ್ನಪತ್ರಿಕೆಯ ಕೊನೆಯ ಪುಟವಿತ್ತು, ವಧೂವರರ ಹೆಸರಿರಲಿಲ್ಲ. ಶುಭ ವಿವಾಹವು ಮುಂಡಗೋಡದ ಇಂಥ ಕಲ್ಯಾಣ ಮಂಟಪದಲ್ಲಿ ಇಂಥ ದಿನ ನೆರವೇರಲಿದ್ದು, ತಾವು ಸಹಕುಟುಂಬ ಸಪರಿವಾರರಾಗಿ ಆಗಮಿಸಬೇಕಾಗಿ ವಿನಂತಿ, ಆಶೀರ್ವಾದವೇ ಉಡುಗೊರೆ. ಆ ಲಗ್ನ ಇನ್ನೂ ಬರುವುದಿತ್ತು.

ಫೋನ್ ಮಾಡಿದೆ. ಪ್ರೆಸ್ಸಿನವರು ಹುಡುಕಿ ನೋಡಿ, “ಹೌದ್ರಿ, ಕಂಪ್ಯೂಟರಿನ್ಯಾಗ ಅದು ಇದು ಕೂಡೇತಿ,” ಎಂದರು. ಆಮೇಲೆ ಸಮಾಧಾನ ಹೇಳಿದರು. “ಆದ್ರೂ ಕತಿ ಶುಭದಾಗ ಮುಗದೈತಿ ಬಿಡ್ರಿ ಸರ.”

ಕ್ಯಾಂಟೀನಿನ ಮಾಲಕರಿಗೆ ಪುಸ್ತಕ ಹಿಂದಿನಿಂದ ತೆರೆಯುವ ಅಭ್ಯಾಸ. ಕೊಟ್ಟ ಅರ್ಧ ಗಂಟೆಯಲ್ಲಿ ಪೇಡೆ ಹಿಡಿದುಕೊಂಡು ಓಡಿಬಂದರು. “ಅಂತೂ ಆತಲ್ರಿ ಸರ! ನಮಗೊಂದು ಮಾತು ಹೇಳಲಿಲ್ಲ! ಮುಂಡಗೋಡದಾಕಿ ಏನ್ರಿ?”

ಸಂಜೆಯೊಳಗೆ ನಿಲ್ದಾಣಕ್ಕೆಲ್ಲ ಸುದ್ದಿಯಾಯಿತು. ಒಬ್ಬ ಡ್ರೈವರ್ ಬಂದು ಕೈ ಹಿಡಿದು, “ಈ ವಯಸ್ಸಿನ್ಯಾಗರೇ ಮನಸ ಮಾಡಿದ್ರಲ್ಲ, ಚೊಲೊ ಆತು,” ಎಂದ. ಇಲ್ಲವೆಂದು ಎಲ್ಲರಿಗೂ ಹೇಳಿ ಮುಗಿಸಲು ಒಂದು ವಾರ ಬೇಕಾಯಿತು. ಕೇಳಿದವರ ಮುಖಗಳು ಒಂದೊಂದಾಗಿ ಸಣ್ಣಗಾಗುವುದನ್ನು ನೋಡಿ, ಸುಮ್ಮನೆ ಆಗಿಬಿಟ್ಟಿದ್ದರೆ ಇಷ್ಟು ತೊಂದರೆ ಇರಲಿಲ್ಲ ಅನಿಸಿತು. ಪೇಡೆ ಮಾತ್ರ ಯಾರೂ ವಾಪಸ್ ಕೇಳಲಿಲ್ಲ.

೫. ಬಿಟ್ಟುಹೋದ ಸಾಮಾನು

ಪುಸ್ತಕ ಓದಿದ್ದೇವೆ ಎಂದ ಸ್ನೇಹಿತರೆಲ್ಲ ಒಂದೇ ಮಾತು ಹೇಳಿದರು: “ಮುಕ್ತಾಯ ಬಹಳ ಚೆನ್ನಾಗಿದೆ.” ಮುಕ್ತಾಯ ಇಲ್ಲವೇ ಇಲ್ಲ ಎಂದು ನನಗೆ ಗೊತ್ತಿದ್ದುದರಿಂದ ಅವರ ಮೇಲೆ ಹೆಚ್ಚಿನ ಭರವಸೆ ಉಳಿಯಲಿಲ್ಲ.

ಕೊನೆಗೆ ಒಂದು ಉಪಾಯ ಮಾಡಿದೆ. ಬೆಳಿಗ್ಗೆ ಹೊರಡುವ ಬಸ್ಸುಗಳ ಖಾಲಿ ಸೀಟಿನ ಮೇಲೆ ಒಂದೊಂದು ಪ್ರತಿ ಇಟ್ಟುಬಂದೆ. ಅಣಶಿಗೆ ಹೋಗುವುದರಲ್ಲಿ ಒಂದು, ಹಳಿಯಾಳದ್ದರಲ್ಲಿ ಒಂದು, ಮುಂಡಗೋಡದ್ದರಲ್ಲಿ ಒಂದು. ಕಾಡಿನ ದಾರಿ, ಫೋನಿಗೆ ಸಿಗ್ನಲ್ ಇರುವುದಿಲ್ಲ, ಜನ ಓದದೆ ಏನು ಮಾಡುತ್ತಾರೆ?

ನಾನು ಮರೆತ ಸಂಗತಿ ಒಂದಿತ್ತು. ಬಸ್ಸಿನಲ್ಲಿ ಯಾರಾದರೂ ಬಿಟ್ಟುಹೋದ ಸಾಮಾನನ್ನು ಕಂಡಕ್ಟರುಗಳು ತಂದು ಒಪ್ಪಿಸುವುದು ಕಂಟ್ರೋಲರಿಗೆ.

ಸಂಜೆ ಅಣಶಿ ಬಸ್ಸಿನ ಕಂಡಕ್ಟರ್ ಬಂದ. “ಸರ, ಪಾಪ ಯಾರೋ ಮರತು ಹೋಗ್ಯಾರ. ಕುಳಗಿ ತನಕಾ ಎಲ್ಲಾರನ್ನೂ ಕೇಳಿದೆ, ನಂದಲ್ಲ ಅಂದ್ರು.”

ಮುಂಡಗೋಡದ್ದೂ ಬಂತು. ಮರುದಿನ ಇಟ್ಟವೂ ಬಂದವು. ನನ್ನ ಕೋಣೆಯ ಕಪಾಟಿನಲ್ಲಿ ಎರಡು ಕೊಡೆ, ಒಂದು ಟಿಫಿನ್ ಡಬ್ಬಿ, ಜೋಡಿ ಕಳೆದುಕೊಂಡ ಒಂದು ಚಪ್ಪಲಿ, ಅವುಗಳ ಪಕ್ಕ ನನ್ನ ಸಮಗ್ರ ಸಾಹಿತ್ಯ. ಅದೇ ವಾರ ಒಬ್ಬರು ಬಂದು ಚಪ್ಪಲಿಯನ್ನು ತಮ್ಮದೆಂದು ಗುರುತಿಸಿ ಒಯ್ದರು.

ಹಳಿಯಾಳದ ಬಸ್ಸಿನಲ್ಲಿ ಮೊದಲ ದಿನ ಇಟ್ಟದ್ದು ಮಾತ್ರ ಮರಳಲಿಲ್ಲ. ಸೀಟಿನ ಕೆಳಗೆ ಬಿದ್ದಿರಬಹುದು, ಗುಡಿಸುವಾಗ ಹೋಗಿರಬಹುದು. ಆದರೂ ಹಳಿಯಾಳದ ಗಾಡಿ ಒಳಗೆ ಬಂದಾಗಲೆಲ್ಲ ಕಂಡಕ್ಟರನ ಕೈ ನೋಡುತ್ತಿದ್ದೆ. ಖಾಲಿ ಇದ್ದರೆ ಆ ದಿನ ಊಟ ರುಚಿಸುತ್ತಿತ್ತು.

೬. ಕೊನೆಯ ಪುಟ

ಆ ಕಲ್ಯಾಣ ಮಂಟಪದ ಲಗ್ನ ಆದ ಮರುದಿನ ಮಧ್ಯಾಹ್ನ, ಹಳಿಯಾಳದ ಬಸ್ಸನ್ನು ಆಗಷ್ಟೇ ಕೂಗಿ ಕುಳಿತಿದ್ದೆ. ಹಳಿಯಾಳದ ಹತ್ತಿರದ ಸಾಂಬ್ರಾಣಿ ಎಂಬ ಊರಿನ ಕಡೆಯ ಒಬ್ಬ ಸಿದ್ದಿ ಹೆಣ್ಣುಮಗಳು ಕಿಟಕಿಗೆ ಬಂದಳು. ನನ್ನದೇ ಓರಗೆಯವಳು. ಹಿಂದೆ ಗಂಡ ಚೀಲ ಹಿಡಿದು ನಿಂತಿದ್ದ. ಅವಳ ಕೈಯಲ್ಲಿ ನನ್ನ ಪುಸ್ತಕವಿತ್ತು.

“ಇದನ್ನ ಬರದವ್ರು ಇಲ್ಲೇ ಇರ್ತಾರ ಅಂತ ಕಂಡಕ್ಟರ್ ಹೇಳಿದ. ನೀವ ಏನ್ರಿ?”

ಹೌದೆಂದೆ.

“ನೋಡ್ರಿ ಸಾಹೇಬ್ರ, ನಾ ಜಗಳಕ್ಕ ಬಂದೇನಿ. ಆ ಹುಡುಗಿ ನೆಳ್ಳು ಹುಡಿಕ್ಕೊಂಡು ಹೋತು. ಊರಾಗ ಇಳೀತು. ತಿರಿವಿ ನೋಡಿದ್ರ ಲಗ್ನ! ಎಲ್ಲಾರೂ ಬರ್ರಿ ಅಂತ ಬರದೀರಿ. ಕರದ ಮ್ಯಾಲ ಹೋಗಬೇಕಲ್ಲ? ಹೋದ್ವಿ.”

“ಹೋದಿರಾ?”

“ನಿನ್ನಿ ಹೋದ್ವಿ. ಉಡುಗೊರಿ ಬ್ಯಾಡ ಅಂತ ಇತ್ತು, ಬರಿಗೈಲೆ ಹೋಗೂದು ಹೆಂಗ ಅಂತ ಒಂದು ಕುಬಸದ ಖಣ ಒಯ್ದಿದ್ದೆ. ಮೊದಲ ಮದುಮಗಳ ಹಿಂದ ಹೋಗಿ ನೋಡಿದೆ. ನೆಳ್ಳು ಇತ್ತು. ಸಿಕ್ಕೈತಿ ಅಂತ ಖುಷಿ ಆತು. ‘ಎಲ್ಲಿ ಸಿಕ್ತವಾ ತಂಗಿ ನಿನ್ನ ನೆಳ್ಳು?’ ಅಂತ ಕೇಳಿದೆ. ಅವರವ್ವ ನನ್ನ ಕೈ ಹಿಡದು ನೇರ ಊಟದ ಪಂಕ್ತಿಗೆ ಒಯ್ದು ಕುಂದರಿಸಿದ್ಲು.”

“ಊಟ ಚೊಲೊ ಇತ್ರಿ,” ಎಂದ ಹಿಂದಿನಿಂದ ಗಂಡ.

“ನೀವ್ ಸುಮ್ಕಿರ್ರಿ,” ಎಂದು ಅವಳು ಮತ್ತೆ ನನ್ನ ಕಡೆ ತಿರುಗಿದಳು. “ಈಕಿ ಆಕಿ ಅಲ್ಲ. ಹಂಗಾರ ಆಕಿ ಏನಾದ್ಲು? ನೆಳ್ಳು ಸಿಕ್ತೋ ಇಲ್ಲೋ? ಅದಷ್ಟು ಹೇಳ್ರಿ, ನಾ ಹೋಗ್ತೇನಿ.”

ಎಷ್ಟೋ ವರ್ಷಗಳಲ್ಲಿ ಬಸ್ಸಿನ ವೇಳೆ ಬಿಟ್ಟು ಬೇರೇನನ್ನೂ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಗಂಟಲು ಸರಿಮಾಡಿಕೊಂಡು ಹೇಳತೊಡಗಿದೆ. ಹುಡುಗಿ ಇಳಿದಾಗ ಕತ್ತಲಾಗಿತ್ತು. ನೆಳ್ಳೂರಿನ ನಿಲ್ದಾಣದ ಬೆಂಚುಗಳ ಮೇಲೆ ನೆರಳುಗಳು ಸಾಲಾಗಿ ಕೂತಿದ್ದವು. ಕತ್ತಲಲ್ಲಿ ಎಲ್ಲ ಒಂದೇ ಥರ. ತನ್ನದು ಯಾವುದೆಂದು ಅವಳಿಗೆ ತಿಳಿಯಲಿಲ್ಲ, ಅವುಗಳಿಗೂ ತಿಳಿಯಲಿಲ್ಲ. ಒಂದೊಂದರ ಮುಂದೆಯೂ ನಿಂತು ನೋಡಿದಳು. ಬಸ್ಸು ಹೊರಡುವ ಹೊತ್ತಾಯಿತು. ಕೊನೆಗೆ ಅವಳು ನಿಲ್ದಾಣದ ನಡುವೆ ನಿಂತು, ನಮ್ಮಂಥವರು ಕೂಗುವ ಹಾಗೆ, ತನ್ನ ಊರಿನ ಹೆಸರು ಕೂಗಿದಳು. ಹಳಿಯಾಳ, ಹಳಿಯಾಳ. ಮೂಲೆಯ ಬೆಂಚಿನಿಂದ ಒಂದು ನೆರಳು ಎದ್ದು ನಿಂತಿತು.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಹಾಂ. ಇದನ್ನ ಬರೀಬೇಕಿಲ್ರಿ? ಲಗ್ನ ಯಾಕ ಬರೀಬೇಕಾಗಿತ್ತು?” ಎನ್ನುತ್ತ ಚೀಲದಿಂದ ಖಣ ತೆಗೆದು ಕಿಟಕಿಯೊಳಗೆ ಇಟ್ಟಳು. “ಇದು ಆಕೀದು. ಆ ಮದುಮಗಳಿಗೆ ನಾ ಕೊಡಲಿಲ್ಲ. ಈ ಕಡೆ ಬಂದ್ರ ಕೊಡ್ರಿ.”

ಖಣವನ್ನು ಕಪಾಟಿನಲ್ಲಿಡಲು ತಿರುಗಿದಾಗ ಮೈಕಿನ ಕೆಂಪು ದೀಪ ಕಂಡಿತು. ಹಳಿಯಾಳ ಕೂಗಿದ ಮೇಲೆ ಅದನ್ನು ಆರಿಸಿರಲಿಲ್ಲ.

ಹೊರಗೆ ನೋಡಿದೆ. ಇಡೀ ನಿಲ್ದಾಣ ಸುಮ್ಮನೆ ಕೂತಿತ್ತು. ಎಂದೋ ಹೊರಟಿರಬೇಕಾದ ಹಳಿಯಾಳದ ಬಸ್ಸು ಅಲ್ಲೇ ನಿಂತಿತ್ತು. ಕಂಡಕ್ಟರ್ ಕಿಟಕಿಗೆ ಬಂದ. “ಸರ, ಗಾಡಿ ಬಿಡ್ಲಿ ಏನ್ರಿ? ಕತಿ ಮುಗೀತೋ, ಇನ್ನೂ ಐತೋ ಅಂತ ಒಳಗಿನವ್ರು ಕೇಳಾಕತ್ತಾರ.”

“ಮುಗೀತು,” ಎಂದೆ. ಅದೂ ಮೈಕಿನಲ್ಲಿ ಹೋಯಿತು.

ಗಂಡಹೆಂಡತಿ ಓಡಿ ಬಸ್ಸು ಹತ್ತಿದರು. ಕ್ಯಾಂಟೀನಿನ ಮಾಲಕರು ಕೈ ಒರೆಸಿಕೊಳ್ಳುತ್ತ ಬಂದು ನಿಂತರು. “ಚೊಲೊ ಇತ್ರಿ ಸರ. ಅದ್ಭುತ ಅಂತ ಮಾತ್ರ ನಾ ಅನ್ನೂದಿಲ್ಲ. ಅದನ್ನ ನೀವು ಮೊದಲ ಅಂದುಬಿಟ್ಟೀರಿ.”

ಅವರ ಹಿಂದೆ ಕೊಡೆಯ ಅಜ್ಜ ನಿಂತಿದ್ದ. ಮಾಲಕರನ್ನು ಪಕ್ಕಕ್ಕೆ ಸರಿಸಿ ಕಿಟಕಿಯೊಳಗೆ ಮುಖವಿಟ್ಟು ಕೇಳಿದ.

“ಅಂಥಾ ಊರ ಇಲ್ಲ ಅಂದಿದ್ರಿ ನನಗ?”

ನಾನು ಮೈಕ್ ಆರಿಸಿದೆ.

“ಆತ್ ಬಿಡ್ರಿ. ಗಾಡಿ ಎಷ್ಟಕ್ಕ ಐತಿ?”

“ಇವತ್ತಿಂದು ಹೋತು ಅಜ್ಜಾರ. ಇನ್ನ ನಾಳೆ.”

“ನಾಳೆ ಬರ್ತೇನಿ,” ಎಂದು ಅಜ್ಜ ಹೊರಟ. ನಾಲ್ಕು ಹೆಜ್ಜೆ ಹೋದವನು ತಿರುಗಿ ಕೊಡೆ ಎತ್ತಿ ಕೂಗಿದ. “ಕಿಟಕಿ ಕಡೇದು ಒಂದು ಸೀಟ್ ಹಿಡೀರಿ. ಬರೂವಾಗ ನನ್ನ ನೆಳ್ಳೂ ಇರ್ತೈತಿ, ಇಬ್ಬರಾಗ್ತೇವಿ!”