ಅಲ್ಪವಿರಾಮನ ಎರಡು ಬೋರ್ಡುಗಳು

ಬೆಳಿಗ್ಗೆ ಎಂಟೂವರೆಗೆ ಬಂದ ಇ-ಮೇಲ್‌ನಲ್ಲಿ ಮೂರೇ ಸಾಲು. ಬರಹಗಾರ ಬೇಕೆಂದು ಕರೆದಿದ್ದ ಕಂಪನಿಯದು: "ನಿಮ್ಮ ಅರ್ಜಿ ನೋಡಿದೆವು. ಜನರ ಕಣ್ಣಿಗೆ ಬಿದ್ದಿರುವ ನಿಮ್ಮ ಎರಡು ಬರಹಗಳನ್ನು ಸಂಜೆ ಐದರೊಳಗೆ ಕಳಿಸಿ. ಬರೆಸಿಕೊಂಡವರು ತಮ್ಮ ಅಭಿಪ್ರಾಯವನ್ನು ನೇರವಾಗಿ ನಮಗೇ ತಿಳಿಸಲಿ."

ಅವನ ಬಳಿ ಒಂದೂ ಇರಲಿಲ್ಲ. ಹದಿನೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು. ಊರವರ ಬರಹವನ್ನೆಲ್ಲ ನೆಟ್ಟಗೆ ಮಾಡಿದ್ದನೇ ಹೊರತು ಸ್ವಂತದ್ದೆಂದು ನಾಲ್ಕು ಸಾಲು ಅಚ್ಚಾಗಿರಲಿಲ್ಲ. ಒಂದು ಅಲ್ಪವಿರಾಮಕ್ಕಾಗಿ ಓಡುತ್ತಿದ್ದ ಯಂತ್ರವನ್ನೇ ನಿಲ್ಲಿಸಿದ್ದರಿಂದ ಅಲ್ಲಿ ಅವನಿಗೆ ಅಲ್ಪವಿರಾಮ ಎಂದೇ ಹೆಸರು ಬಿತ್ತು. ಅಚ್ಚುಕೂಟ ಮುಚ್ಚಿತು, ಹೆಸರು ಉಳಿಯಿತು. ಎರಡು ತಿಂಗಳಿಂದ ತಾನು ಫ್ರೀಲಾನ್ಸ್ ಬರಹಗಾರ ಎಂದು ಹೇಳಿಕೊಳ್ಳುತ್ತಿದ್ದ. ಊಟಕ್ಕೆ ಕೂತಾಗ ಎರಡನೇ ಸಲ ಬಡಿಸಿಕೊಳ್ಳಲು ಮಾತ್ರ ಸಂಕೋಚಪಡುತ್ತಿದ್ದ.

"ಬರೆದಿದ್ದು ಇಲ್ಲದಿದ್ರೆ ಈಗ ಬರೀರಿ. ಕೆಳಗೆ ದರ್ಜಿ ಇದ್ದಾರೆ, ಎದುರಿಗೆ ಹಲ್ಲಿನ ಡಾಕ್ಟರಮ್ಮ ಇದ್ದಾರೆ. ಇಬ್ಬರ ಬೋರ್ಡೂ ಮಾಸಿ ಹೋಗಿದೆ" ಎಂದು ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಆಫೀಸಿಗೆ ಹೊರಟಳು.

ದರ್ಜಿ ಹೊಲಿಗೆಯಿಂದ ತಲೆ ಎತ್ತದೆ ಎಲ್ಲ ಕೇಳಿಸಿಕೊಂಡು, "ಫ್ರೀಲಾನ್ಸ್ ಅಂದ್ರೆ ಫ್ರೀ ತಾನೇ ಸಾರ್?" ಎಂದರು. ವಾದಿಸುವಷ್ಟು ಹೊತ್ತಿರಲಿಲ್ಲ. ಈ ಸಲಕ್ಕೆ ಹಾಗೇ ಅಂದುಕೊಳ್ಳಿ ಎಂದ. ಎದುರಿನ ಡಾಕ್ಟರಮ್ಮನಿಗೂ ಅದನ್ನೇ ಹೇಳಿದ.

ಬರೆಯುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ದರ್ಜಿಯ ಅಂಗಡಿಯಲ್ಲಿ ಅಳತೆ ಕೊಡಲು ಬಂದವರೆಲ್ಲ ಒಂದೊಂದು ಪದ ಸೇರಿಸಿದರು. ದವಾಖಾನೆಯಲ್ಲಿ ಬಾಯೊಳಗೆ ಹತ್ತಿ ಇಟ್ಟುಕೊಂಡಿದ್ದ ರೋಗಿಯೊಬ್ಬ ಕೈಸನ್ನೆಯಲ್ಲೇ ಎರಡು ತಿದ್ದುಪಡಿ ಸೂಚಿಸಿದ. ಕೊನೆಗೆ ಹನ್ನೊಂದೂವರೆಗೆ ದರ್ಜಿಗೆ ಇಷ್ಟು ಸಿದ್ಧವಾಯಿತು: "ಸಡಿಲವಾದರೆ ಬಿಗಿ ಮಾಡುತ್ತೇವೆ, ಬಿಗಿಯಾದರೆ ಸಡಿಲಿಸುತ್ತೇವೆ." ಡಾಕ್ಟರಮ್ಮನಿಗೆ: "ನೋವಿಲ್ಲದೆ ಕೀಳುತ್ತೇವೆ, ತೂತು ಕಾಣದಂತೆ ಮುಚ್ಚುತ್ತೇವೆ."

ಬ್ಯಾನರ್ ಮುದ್ರಿಸುವವನ ಅಂಗಡಿಯಲ್ಲಿ ಅಲ್ಪವಿರಾಮ ಪರದೆಗೆ ಮೂಗು ತಾಗಿಸಿ ಕರಡು ನೋಡಿದ. ಎರಡರಲ್ಲೂ ಅಲ್ಪವಿರಾಮ ಜಾಗದಲ್ಲೇ ಇತ್ತು. ಎದೆ ಉಬ್ಬಿಸಿ, ಮುದ್ರಿಸಿ ತಂದು ಕಟ್ಟಿಬಿಡಲು ಹೇಳಿ ಮನೆಗೆ ಬಂದು ಕಾಲು ಚಾಚಿದ.

ಮೂರು ಗಂಟೆಗೆ ಬೀದಿಯಲ್ಲಿ ನಗುವಿನ ಸದ್ದು. ಬಾಲ್ಕನಿಯಿಂದ ಬಗ್ಗಿ ಬೋರ್ಡುಗಳನ್ನು ಓದಿದ. ಅಲ್ಪವಿರಾಮಗಳನ್ನು ಕಾಯುವ ಭರದಲ್ಲಿ ಮೇಲಿದ್ದ ಹೆಸರುಗಳನ್ನು ಅವನು ಓದಿಯೇ ಇರಲಿಲ್ಲ. ಹೆಸರುಗಳು ಅದಲುಬದಲಾಗಿದ್ದವು. ದರ್ಜಿ ನೋವಿಲ್ಲದೆ ಕೀಳುವವರಾಗಿದ್ದರು. ಡಾಕ್ಟರಮ್ಮ ಸಡಿಲವಾದದ್ದನ್ನು ಬಿಗಿ ಮಾಡುವವರಾಗಿದ್ದರು.

ಕತ್ತರಿ ಹಿಡಿದು ಓಡಿ ಹೋಗಿ ದರ್ಜಿಯ ಬೋರ್ಡಿನ ಹಗ್ಗಕ್ಕೆ ಕೈ ಹಾಕಿದ. ದರ್ಜಿ ಆ ಕೈಯನ್ನೇ ಹಿಡಿದುಕೊಂಡರು.

"ಮುಟ್ಟಬೇಡಿ ಸಾರ್. ತೂತು ಬಿದ್ದ ಪ್ಯಾಂಟುಗಳನ್ನ ಜನ ಗಂಟು ಕಟ್ಕೊಂಡು ತರ್ತಿದ್ದಾರೆ. ಇಷ್ಟು ದಿನ ಎಲ್ಲಿಟ್ಟಿದ್ರೋ."

ಎದುರಿಗೆ ಡಾಕ್ಟರಮ್ಮ ಬಾಗಿಲಲ್ಲೇ ನಿಂತಿದ್ದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತವನ ಕೈಗೆ ಅವರು ಕಾಫಿ ಕೊಟ್ಟರು. ಬೋರ್ಡು ನೋಡಿ ನಗಲು ಬಂದವರಲ್ಲಿ ನಾಲ್ವರು ನಗುವಾಗಲೇ ತಮ್ಮ ಹಲ್ಲು ಅಲುಗಾಡುವುದು ಗೊತ್ತಾಗಿ ಒಳಗೆ ಕೂತಿದ್ದರು. "ಆರು ವರ್ಷದಿಂದ ಈ ಕುರ್ಚಿಗಳು ತುಂಬಿರಲಿಲ್ಲ. ಯಾರೋ ನಮಗೋಸ್ಕರ ಕೂತು ಯೋಚನೆ ಮಾಡಿ ಬರೆದ್ರಲ್ಲ, ಅದೇ ದೊಡ್ಡದು" ಎಂದರು. ಹದಿನೆಂಟು ವರ್ಷದಲ್ಲಿ ಇಂಥ ಮಾತು ಅಲ್ಪವಿರಾಮನ ಕಿವಿಗೆ ಬಿದ್ದಿರಲಿಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ ಬೋರ್ಡುಗಳ ಫೋಟೋ ಕಳಿಸಿದ. ದರ್ಜಿ ಮತ್ತು ಡಾಕ್ಟರಮ್ಮ ತಮ್ಮ ತಮ್ಮ ಫೋನಿನಲ್ಲಿ ಕಂಪನಿಗೆ ಅಭಿಪ್ರಾಯ ಬರೆದರು. ಏನು ಬರೆದಿರೆಂದು ಕೇಳಿದರೆ ದರ್ಜಿ ಫೋನನ್ನು ಎದೆಗೆ ಅವುಚಿಕೊಂಡು, ಹೊಗಳಿಕೆಯನ್ನು ಎದುರಿಗೆ ಓದಬಾರದು ಸಾರ್ ಎಂದರು.

ಆರೂಕಾಲಿಗೆ ಉತ್ತರ ಬಂತು. ಹೆಂಡತಿ ಬ್ಯಾಗು ಕೆಳಗಿಡುವ ಮುಂಚೆಯೇ ಅವನು ಓದತೊಡಗಿದ್ದ.

"ನಿಮ್ಮ ಬರಹ ನಮಗೆ ಬಹಳ ಹಿಡಿಸಿತು. ಓದಿ ಇಡೀ ಆಫೀಸು ನಕ್ಕಿತು. ನಿಮ್ಮನ್ನು ಆರಿಸಿದ್ದೇವೆ. ನಿಮ್ಮ ಇಬ್ಬರು ಗ್ರಾಹಕರೂ ಒಂದು ವಿಷಯವನ್ನು ಕಣ್ಣು ತುಂಬಿ ಬರೆದಿದ್ದಾರೆ: ನೀವು ಬಿಡಿಗಾಸೂ ಮುಟ್ಟದೆ, ಬರೀ ಪ್ರೀತಿಗೆ ಬರೆದುಕೊಡುವವರಂತೆ. ಇಂಥವರು ಈ ಕಾಲದಲ್ಲೂ ಇದ್ದಾರೆಂದು ತಿಳಿದು ಮನಸ್ಸು ತುಂಬಿತು. ನಿಮ್ಮ ನಿಯಮವನ್ನು ಮುರಿಯುವ ಧೈರ್ಯ ನಮಗಿಲ್ಲ. ವರ್ಷದ ಕೆಲಸವನ್ನೆಲ್ಲ ಅದೇ ನಿಯಮದ ಮೇಲೆ ನಿಮಗೇ ಒಪ್ಪಿಸುತ್ತಿದ್ದೇವೆ. ಬರಹಗಾರನ ಸಂಭಾವನೆಗೆಂದು ಎತ್ತಿಟ್ಟಿದ್ದರಲ್ಲಿ ಆಫೀಸಿಗೆ ಏಸಿ ಹಾಕಿಸಿಕೊಳ್ಳುತ್ತಿದ್ದೇವೆ. ತಂಪಾದಾಗಲೆಲ್ಲ ನಿಮ್ಮನ್ನು ನೆನೆಯುತ್ತೇವೆ."

ಅಲ್ಪವಿರಾಮ ಅದನ್ನು ಎರಡು ಸಲ ಓದಿದ. ಒಂದು ತಪ್ಪೂ ಸಿಗಲಿಲ್ಲ. ಸಿಟ್ಟು ಮಾಡಿಕೊಳ್ಳೋಣವೆಂದರೆ ಯಾರ ಮೇಲೆ? ಕೆಳಗಡೆ ದರ್ಜಿಯ ಮಿಷನ್ನು ನಿಲ್ಲದೆ ಓಡುತ್ತಿತ್ತು. ಆ ಸದ್ದು ಕೇಳಿದರೆ ಸುಖವಾಗುತ್ತಿತ್ತು, ಅದೇ ಅವನ ಕಷ್ಟ.

"ಏನಂತೆ?" ಎಂದಳು ಹೆಂಡತಿ.

"ನಾನು ಬರೆದಿದ್ದು ಇಷ್ಟ ಆಯ್ತಂತೆ."

ಅವಳ ಮುಖ ಅರಳಿತು. "ನನಗೆ ಗೊತ್ತಿತ್ತು ಬಿಡಿ" ಎಂದು ಪಕ್ಕದಲ್ಲಿ ಕೂತು, ಅವನ ಕೈಯಿಂದ ಫೋನು ತೆಗೆದುಕೊಂಡಳು. "ಕೊಡಿ, ಪೂರ್ತಿ ಓದ್ತೀನಿ."