ಎಡಕ್ಕೆ ಸುತ್ತಿದ ಬಸವನಹುಳು

ಈ ಲೋಕವನ್ನು ಬಲಗೈಯವರು ತಮಗಾಗಿಯೇ ಕಟ್ಟಿಕೊಂಡಿದ್ದಾರೆ. ಕತ್ತರಿಯ ಅಲಗು, ಕಾಲೇಜು ಕುರ್ಚಿಯ ಬರೆಯುವ ಹಲಗೆ, ಪ್ರಸಾದಕ್ಕೆ ಎಡಗೈ ಚಾಚಿದಾಗ ಮೇಲೇರುವ ಪುರೋಹಿತರ ಹುಬ್ಬು, ಎಲ್ಲವೂ ಇದಕ್ಕೆ ಸಾಕ್ಷಿ. ನಾನು ಎಡಚಿ. ಅನ್ಯಾಯವನ್ನು ಅನ್ಯಾಯವೆಂದೇ ಕರೆಯಬೇಕೆಂದು ಶಾಲೆಯಲ್ಲಿ ಕಲಿತವಳು. ಆದ್ದರಿಂದಲೇ, ಪಾರ್ಕ್ ಸ್ಟ್ರೀಟ್ ಬಳಿಯ ನಮ್ಮ ಕಚೇರಿಯಲ್ಲಿ ದೀಪಗಳನ್ನೆಲ್ಲ ಮೇಜಿನ ಎಡಬದಿಗೆ ಎತ್ತರದಲ್ಲಿ ನೆಟ್ಟಿರುವ ದಬ್ಬಾಳಿಕೆಯನ್ನು ಪ್ರತಿಭಟಿಸಿ, ನನ್ನ ದೀಪವನ್ನು ಬಲಬದಿಗೆ, ಕೆಳಗೆ ಇಳಿಸಿಕೊಂಡೆ.

ನನ್ನ ಕೆಲಸವೆಂದರೆ ನಡುಗಡಲಿನ ದ್ವೀಪವೊಂದರಿಂದ ಬಂದ ಕಲ್ಲುಗಳಲ್ಲಿ ಪಳೆಯುಳಿಕೆಯಾಗಿ ಕುಳಿತಿರುವ ಕಡಲ ಬಸವನಹುಳುಗಳನ್ನು ಗುರುತಿಸುವುದು. ಅವುಗಳ ಚಿಪ್ಪು ಸಾಮಾನ್ಯವಾಗಿ ಬಲಕ್ಕೇ ಸುತ್ತಿರುತ್ತದೆ. ಬಹುಮತದ ಅಹಂಕಾರ ಅಲ್ಲಿಯೂ ಉಂಟು. ಶುಕ್ರವಾರ ಜೋಳದ ಕಾಳಿನಷ್ಟಿದ್ದ ಚಿಪ್ಪೊಂದು ಮಸೂರದಡಿ ಎಡಕ್ಕೆ ಸುತ್ತಿಕೊಂಡು ಮೆರೆಯುತ್ತಿರುವುದನ್ನು ಕಂಡಾಗ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಇಷ್ಟು ವರ್ಷ ಅನ್ಯರು ಹೆಸರಿಟ್ಟ ಹುಳುಗಳಿಗೆ ಚೀಟಿ ಅಂಟಿಸಿದವಳಿಗೆ ಈಗ ಹೆಸರಿಡುವ ಸರದಿ. ಮುಖ್ಯಸ್ಥರ ಬಳಿಗೆ ಓಡಿ ಹೊಸ ಪ್ರಭೇದವೆಂದು ಸಾರಿದೆ. ಸೋಮವಾರ ಅತಿಥಿ ವಿದ್ವಾಂಸರ ಮುಂದೆ ನೀವೇ ಘೋಷಿಸಿ ಎಂದರು.

ಅನುಮತಿ ಪಡೆದು ಕಲ್ಲನ್ನು ಬೆಹಾಲಾದ ಮನೆಗೆ ತಂದೆ. ಭಾನುವಾರ ಬೆಳಿಗ್ಗೆ ಗಂಡ ಪ್ರಹ್ಲಾದ ಲೂಚಿ ಎಂಬ ಇಲ್ಲಿನ ಪೂರಿಗೆ ಮೈದಾ ನಾದುತ್ತಿದ್ದ. ಭಾನುವಾರದ ಅಡುಗೆ ಗಂಡಸರದೆಂಬುದು ನಾನು ಹೋರಾಡಿ ಜಾರಿಗೆ ತಂದ ಸುಧಾರಣೆ. ಎಡಸುರುಳಿಯ ಐತಿಹಾಸಿಕ ಮಹತ್ವವನ್ನು ನಾನು ವಿವರಿಸುತ್ತಿರುವಾಗ ಮಗಳು ಮೇಘಾ ಕಲ್ಲನ್ನೂ ಮಸೂರವನ್ನೂ ಕಿಟಕಿಯ ಬೆಳಕಿಗೆ ಹಿಡಿದಳು.

"ಅಮ್ಮಾ, ಚಿಪ್ಪು ಎಲ್ಲಿದೆ? ಹೋಲ್ ಇದೆ, ಅಷ್ಟೇ."

"ಅದು ಉಬ್ಬು, ಪುಟ್ಟಿ. ಸರಿಯಾಗಿ ನೋಡು."

"ಜಗಳ ಯಾಕ?" ಎಂದು ಪ್ರಹ್ಲಾದ ಹಿಟ್ಟಿನ ಕೈಯಲ್ಲೇ ಬಂದ. "ಒಂದು ಉಂಡಿ ಒತ್ತಿ ನೋಡೋಣಲ್ಲ."

"ಅದು ದೇಶದ ಸ್ವತ್ತು."

"ಮೈದಾ ದೇಶದ ಸ್ವತ್ತಿಗೆ ಏನ್ ಮಾಡ್ತದ?"

ಒತ್ತಿ ತೆಗೆದ. ಹಿಟ್ಟಿನ ಮೇಲೆ ಮುದ್ದಾದ ಬಸವನಹುಳುವೊಂದು ಎದ್ದುಬಂದಿತ್ತು, ಸ್ಪಷ್ಟವಾಗಿ ಬಲಕ್ಕೆ ಸುತ್ತಿಕೊಂಡು. ಚಿಪ್ಪು ಎಂದೋ ಕರಗಿಹೋಗಿ ಕಲ್ಲಿನಲ್ಲಿ ಅದರ ಅಚ್ಚು ಮಾತ್ರ ಉಳಿದಿತ್ತು; ಅಚ್ಚಿನಲ್ಲಿ ಸುರುಳಿ ತಿರುಗುಮುರುಗಾಗಿತ್ತು. ಕೆಳಗಿನಿಂದ ಬೆಳಕು ಬಿದ್ದರೆ ತಗ್ಗು ಕಣ್ಣಿಗೆ ಉಬ್ಬಾಗಿ ಕಾಣುತ್ತದೆ. ದೀಪವನ್ನು ಕೆಳಗಿಳಿಸಿದವರು ಯಾರೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಇದನ್ನ ಕರೀಲೇನು?" ಎಂದ ಪ್ರಹ್ಲಾದ.

ಪಳೆಯುಳಿಕೆಗಳ ಪುಸ್ತಕ ತೆರೆದೆ. ಬಲಕ್ಕೆ ಸುತ್ತಿದ ಈ ಹುಳುವಿಗೆ ಹಿಂದೆಯೇ ಹೆಸರಿಟ್ಟಿದ್ದರು. ಅದೂ ಯಾರ ಹೆಸರು? ಹಡಗಿನಿಂದ ಕೆಳಗೇ ಇಳಿಯದೆ ದ್ವೀಪವನ್ನು ಆಳಿದ ಒಬ್ಬ ದೊರೆಯದು. ಸೋಮವಾರದ ಅವಮಾನ ತಪ್ಪಲೆಂದು ಆಗಲೇ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಹೊಸದಲ್ಲದಿದ್ದರೆ ಯಾವುದೆಂದು ಅವರು ಕೇಳಿದರು. ಹೇಳಿದೆ. ಕೇಳಿಸುತ್ತಿಲ್ಲ ಎಂದರು. ಬಾಲ್ಕನಿಗೆ ಹೋಗಿ, ಮೆರವಣಿಗೆಗಳಲ್ಲಿ ಪಳಗಿದ ಕಂಠದಿಂದ ಆ ವಸಾಹತುಶಾಹಿ ದೊರೆಯ ಹೆಸರನ್ನು ಮತ್ತೆ ಮತ್ತೆ ಕೂಗಿದೆ.

ಬೌದಿ, ಅಂದರೆ ಅತ್ತಿಗೆ, ಎಂದು ನಾವು ಕರೆಯುವ ಎದುರು ಮನೆಯವರು ಬಟ್ಟೆ ಹರವುವುದನ್ನು ನಿಲ್ಲಿಸಿ ಹಿಂದಿಯಲ್ಲಿ ವಿಚಾರಿಸಿದರು: "ಈ ಸಲ ನಿಮ್ಮ ಕ್ಯಾಂಡಿಡೇಟ್ ಇವರೇನಾ?"